ಪೇಪರಿಗಿಂತ ಮೊದಲು ಕೋಶ: ಅತ್ತಿಹಣ್ಣಿನ ಕಣಜಗಳ ಬೆನ್ನು ಹತ್ತಿದ ಬಗೆ

ಎಂ.ಎಸ್ಸಿ. ಎರಡನೇ ವರ್ಷದ ಪ್ರಾಜೆಕ್ಟಿಗೆ ನಾನು ಆರಿಸಿಕೊಂಡ ವಿಷಯ ಅತ್ತಿಹಣ್ಣಿನೊಳಗಿನ ಕಣಜಗಳು. ಅತ್ತಿಹಣ್ಣು ಬಿಡಿಸಿದರೆ ಒಳಗೆ ಹುಳ ಇರುತ್ತದೆ ಎಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಆ ಹುಳ ಯಾವುದು, ಮುಚ್ಚಿದ ಕಾಯಿಯೊಳಗೆ ಹೊಕ್ಕಿದ್ದು ಹೇಗೆ, ಅಲ್ಲಿರುವುದು ಒಂದೇ ಬಗೆಯೋ ಹಲವು ಬಗೆಯೋ ಎಂದು ಕೇಳುತ್ತಾ ಹೋದರೆ ಮಾತ್ರ ದೊಡ್ಡವರೂ ತಡವರಿಸುತ್ತಾರೆ. ಶಿವಮೊಗ್ಗದಲ್ಲಿ ತುಂಗೆಯ ದಂಡೆಗುಂಟ ಕಾಂಡದ ಮೈತುಂಬ ಗೊಂಚಲು ಗೊಂಚಲಾಗಿ ಕಾಯಿ ಬಿಡುವ ಅತ್ತಿಮರಗಳಿವೆ. ಮರ ಹತ್ತದೆಯೇ ಕೈಗೆ ಸಿಗುವ ಕಾಯಿ. ಹಾಗಾಗಿ ಮಾದರಿ ಸಂಗ್ರಹದ ಚಿಂತೆ ಇರಲಿಲ್ಲ.

ನನ್ನ ಗೈಡ್ ಒಂದು ಷರತ್ತು ಹಾಕಿದರು. ಹಿನ್ನೆಲೆಯ ಓದು ಮುಗಿಯುವವರೆಗೆ ಒಂದೇ ಒಂದು ಸಂಶೋಧನಾ ಪೇಪರನ್ನೂ ತೆರೆಯಕೂಡದು. ಹಿನ್ನೆಲೆ ಎಂದರೆ ನಿಘಂಟು, ವಿಶ್ವಕೋಶ, ಸಸ್ಯಕೋಶ, ಹೆಸರುಗಳ ಡೇಟಾಬೇಸ್. ಅದೂ ಒಂದು ಕ್ರಮದಲ್ಲಿ: ಸಾಮಾನ್ಯ ವಿಶ್ವಕೋಶ ಮೊದಲು, ವಿಷಯದ ನಿಘಂಟು ನಂತರ, ವಿಷಯದ ವಿಶ್ವಕೋಶ ಆಮೇಲೆ, ಹೆಸರುಗಳ ಚರಿತ್ರೆ ಕೊನೆಗೆ. ಗೂಗಲ್ ಸ್ಕಾಲರಿನಲ್ಲಿ ಎರಡು ಪದ ಹಾಕಿದರೆ ಸಾವಿರಾರು ಲೇಖನ ಉದುರುವ ಈ ಕಾಲದಲ್ಲಿ ಕೋಶಗಳಿಂದ ಶುರುಮಾಡುವವರು ಕಡಿಮೆ. ಆದರೆ ಆ ಸಾವಿರದಲ್ಲಿ ನನಗೆ ಬೇಕಾದದ್ದು ಯಾವುದು ಎಂದು ತಿಳಿಯಲು ಬೇಕಾದ ಕಣ್ಣು ನನಗೆ ಬಂದದ್ದು ಕೋಶಗಳಿಂದಲೇ. ಜೀವಶಾಸ್ತ್ರ ಓದುವವರಿಗೆ ಉಪಯೋಗವಾದೀತೆಂದು ಆ ದಾರಿಯನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಶುರುಮಾಡಿದ್ದು ಕನ್ನಡದಲ್ಲೇ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ ಹದಿನಾಲ್ಕು ಸಂಪುಟಗಳದ್ದು. ಮೊದಲ ಸಂಪುಟ ಬಂದದ್ದು 1969ರಲ್ಲಿ. ಅಕಾರಾದಿಯಾಗಿ ಜೋಡಿಸಿದ ಕೋಶವಾದ್ದರಿಂದ ನನ್ನ ಮರ ಆ ಮೊದಲ ಸಂಪುಟದಲ್ಲೇ ಸಿಕ್ಕಿತು. ಅದರ ಹಲವು ಬರಹಗಳು ಈಗ ವಿಕಿಸೋರ್ಸಿನಲ್ಲೂ ಓದಲು ಸಿಗುತ್ತವೆ, ಆದರೂ ಗ್ರಂಥಾಲಯದ ಪ್ರತಿಯನ್ನೇ ಕೇಳಿ ಪಡೆಯಿರಿ ಎನ್ನುತ್ತೇನೆ. ಮುದ್ರಿತ ಸಂಪುಟದಲ್ಲಿ ಅತ್ತಿಯ ಪುಟ ಹುಡುಕುವಾಗ ಅಂಜೂರದ ಪುಟ ಕಣ್ಣಿಗೆ ಬೀಳುತ್ತದೆ. ಅದನ್ನು ಯಾರೂ ಓದು ಎಂದು ಹೇಳಿರಲಿಲ್ಲ. ಆದರೆ ಅಂಜೂರವೂ ಅತ್ತಿಯೂ ಒಂದೇ ಕುಲದವು, ಫೈಕಸ್. ಅತ್ತಿಯ ಬಗ್ಗೆ ಮಾತ್ರ ಓದಿದ್ದರೆ ತಪ್ಪಿಹೋಗುತ್ತಿದ್ದ ಒಂದು ಇಡೀ ಕಥೆ ಅಂಜೂರದ ಬೆನ್ನಿಗಿದೆ.

ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ 1880ರ ದಶಕದಲ್ಲಿ ಟರ್ಕಿಯ ಸ್ಮಿರ್ನಾ ತಳಿಯ ಅಂಜೂರದ ಕಡ್ಡಿಗಳನ್ನು ತರಿಸಿ ನೆಟ್ಟರು. ಗಿಡ ಸೊಂಪಾಗಿ ಬೆಳೆಯಿತು, ಕಾಯಿ ಮಾತ್ರ ಹಣ್ಣಾಗದೆ ಉದುರುತ್ತಿತ್ತು. ಟರ್ಕಿಯ ರೈತರು ಕಾಡು ಅಂಜೂರದ ಕೊಂಬೆಗಳನ್ನು ತಂದು ತೋಟದ ಮರಗಳಿಗೆ ತೂಗುಹಾಕುವುದು ಬರಿಯ ನಂಬಿಕೆಯಲ್ಲ, ಆ ಕೊಂಬೆಯ ಕಾಯಿಗಳಿಂದ ಹೊರಬರುವ ಬ್ಲಾಸ್ಟೊಫಾಗಾ ಸೀನೆಸ್ ಎಂಬ ಪುಟ್ಟ ಕಣಜವೇ ಪರಾಗ ತರುವುದು ಎಂದು ಒಪ್ಪಿಕೊಂಡು, ಆ ಕಣಜವನ್ನೇ ತಂದು 1899ರಲ್ಲಿ ಅಲ್ಲಿ ನೆಲೆಗೊಳಿಸಿದ ಮೇಲೆ ಫಸಲು ಕೈಗೆ ಬಂತು. ಇಂಗ್ಲಿಷಿನ ಸಾಮಾನ್ಯ ವಿಶ್ವಕೋಶಗಳಲ್ಲಿ ಅಂಜೂರದ ಬರಹದ ಜೊತೆಗೆ ಪರಾಗಸ್ಪರ್ಶ, ಸಹಜೀವನ ಎಂಬ ತಲೆಬರಹಗಳನ್ನೂ ತಿರುವಿದಾಗ ಈ ಚಿತ್ರ ಪೂರ್ತಿಯಾಯಿತು. ಮರಕ್ಕೆ ಕಣಜ ಎಷ್ಟು ಅನಿವಾರ್ಯ ಎನ್ನುವುದನ್ನು ಯಾವ ಅಂಕಿಅಂಶದ ಕೋಷ್ಟಕವೂ ನನಗೆ ಹೀಗೆ ಮನದಟ್ಟು ಮಾಡಿಸಿರಲಿಲ್ಲ.

ಸಾಮಾನ್ಯ ವಿಶ್ವಕೋಶದಿಂದ ನಾನು ಪಡೆದದ್ದು ಆಳವಲ್ಲ, ಎಲ್ಲೆ. ನನ್ನ ವಿಷಯ ಎಲ್ಲಿಂದ ಎಲ್ಲಿಯವರೆಗೆ ಹರಡಿದೆ, ಅದಕ್ಕೆ ಹತ್ತಿಕೊಂಡ ನೆರೆಯ ವಿಷಯಗಳು ಯಾವುವು ಎಂಬ ನಕ್ಷೆ. ಇಷ್ಟು ತಿಳಿಯಿತು: ಫೈಕಸ್ ಕುಲದಲ್ಲಿ ಸುಮಾರು 800 ಪ್ರಭೇದಗಳಿವೆ. ನಾವು ಹಣ್ಣು ಎನ್ನುವುದು ಹೂವುಗಳನ್ನು ಒಳಮುಖವಾಗಿ ತುಂಬಿಕೊಂಡ ಹೂಗೊಂಚಲು. ಅದರ ತುದಿಯ ಸಣ್ಣ ರಂಧ್ರದಿಂದ ಹೆಣ್ಣು ಕಣಜ ಒಳಹೊಗುತ್ತದೆ, ಹೋಗುವಾಗ ರೆಕ್ಕೆ ಕಳೆದುಕೊಳ್ಳುತ್ತದೆ. ಕೆಲವು ಹೂಗಳಲ್ಲಿ ಮೊಟ್ಟೆ ಇಡುತ್ತದೆ, ಕೆಲವಕ್ಕೆ ಪರಾಗ ಮುಟ್ಟಿಸುತ್ತದೆ, ಅಲ್ಲೇ ಸಾಯುತ್ತದೆ. ಮರಿಗಳಲ್ಲಿ ರೆಕ್ಕೆಯಿಲ್ಲದ ಗಂಡುಗಳು ಮೊದಲು ಹೊರಬಂದು, ತಾವು ಬೆಳೆದ ಹೂವು ಊದಿ ಆದ ಗಂಟಿನೊಳಗೇ ಇನ್ನೂ ಇರುವ ಹೆಣ್ಣುಗಳೊಡನೆ ಕೂಡಿ, ಆಮೇಲೆ ಹೊರಗೆ ದಾರಿ ಕೊರೆಯುತ್ತವೆ. ಹೆಣ್ಣುಗಳು ಪರಾಗ ಹೊತ್ತು ಆ ದಾರಿಯಲ್ಲಿ ಹಾರಿಹೋಗುತ್ತವೆ. ಹೀಗೆ ಹಾರಿದ ಹೆಣ್ಣಿಗೆ ಇರುವ ಆಯಸ್ಸು ಒಂದೆರಡು ದಿನ. ಅಷ್ಟರಲ್ಲಿ ಅದೇ ಜಾತಿಯ, ಸರಿಯಾದ ಹದದ ಕಾಯಿಯಿರುವ ಇನ್ನೊಂದು ಮರ ಸಿಗಬೇಕು.

ಒಂದು ಕೆಲಸ ಮಾತ್ರ ಬಿಡದೆ ಮಾಡಿದೆ. ಯಾವ ಸಂಗತಿ ಬರೆದುಕೊಂಡರೂ ಅದರ ಮುಂದೆ ಕೋಶದ ಹೆಸರು, ಸಂಪುಟ, ಪುಟ ಮತ್ತು ಪ್ರಕಟವಾದ ವರ್ಷ. ವರ್ಷವನ್ನು ಬೇರೆ ಶಾಯಿಯಲ್ಲಿ ಬರೆಯುತ್ತಿದ್ದೆ. ಇದರ ಬೆಲೆ ಏನೆಂದು ಮುಂದೆ ಹೇಳುತ್ತೇನೆ.

ಎರಡನೇ ಹಂತ ವಿಷಯದ ನಿಘಂಟು. ನಮ್ಮ ವಿಭಾಗದ ಗ್ರಂಥಾಲಯದಲ್ಲಿ ಆಕ್ಸ್‌ಫರ್ಡ್ ಜೀವಶಾಸ್ತ್ರ ನಿಘಂಟು ಇತ್ತು. ಹೆಂಡರ್ಸನ್ ಅವರ ಹೆಸರಿನ ಜೀವಶಾಸ್ತ್ರ ನಿಘಂಟಿನ ಒಂದು ಹಳೆಯ ಆವೃತ್ತಿಯೂ ಇತ್ತು. ಇದು ಮೊದಲು ಬಂದದ್ದು 1920ರಲ್ಲಿ, ಆಮೇಲೆ ಮತ್ತೆ ಮತ್ತೆ ಪರಿಷ್ಕಾರವಾಗುತ್ತಲೇ ಬಂದಿದೆ. ಒಂದೇ ಪದವನ್ನು ಎರಡರಲ್ಲೂ ನೋಡುವುದು ನನ್ನ ಪದ್ಧತಿಯಾಯಿತು. ಎರಡೂ ಒಂದೇ ಮಾತು ಹೇಳಿದರೆ ಮುಂದಕ್ಕೆ. ಒಂದು ಹೇಳಿ ಇನ್ನೊಂದು ಬಿಟ್ಟರೆ ಅಲ್ಲಿ ನಿಂತು ಯೋಚನೆ.

ಅತ್ತಿಕಾಯಿಯ ವಿಷಯದಲ್ಲಿ ಮೂರು ಪದಗಳ ನಡುವಿನ ಗೆರೆ ಸ್ಪಷ್ಟವಾಗದಿದ್ದರೆ ಏನೂ ನಡೆಯದು. ಗಾಲ್ ಮಾಡುವ ಕೀಟ, ಇನ್‌ಕ್ವಿಲೈನ್, ಪ್ಯಾರಾಸಿಟಾಯ್ಡ್. ಮೊದಲನೆಯದು ಗಿಡದ ಅಂಗಾಂಶವನ್ನು ಕೆರಳಿಸಿ ಗಂಟು ಬೆಳೆಯುವಂತೆ ಮಾಡಿ ಅದನ್ನೇ ತಿಂದು ಬದುಕುತ್ತದೆ. ಎರಡನೆಯದು ತಾನು ಗಂಟು ಮಾಡದೆ ಬೇರೊಂದು ಕೀಟ ಮಾಡಿದ ಗಂಟಿನಲ್ಲಿ ನೆಲೆಸುತ್ತದೆ. ಮೂರನೆಯದು ಇನ್ನೊಂದು ಕೀಟದ ಮರಿಯ ಮೇಲೋ ಒಳಗೋ ಬೆಳೆದು ಕೊನೆಗೆ ಅದನ್ನು ಕೊಲ್ಲುತ್ತದೆ. ಬರಿಯ ಪರಾವಲಂಬಿಗೂ ಇದಕ್ಕೂ ಇರುವ ವ್ಯತ್ಯಾಸ ಆ ಕೊನೆಯ ಸಾವಿನಲ್ಲಿದೆ. ಪರಾವಲಂಬಿಗೆ ಆಸರೆಯ ಜೀವಿ ಬದುಕಿದ್ದರೇ ಲಾಭ, ಪ್ಯಾರಾಸಿಟಾಯ್ಡಿಗೆ ಹಾಗಲ್ಲ. ನಿಘಂಟಿನಲ್ಲಿ ಇವು ಒಂದೊಂದಕ್ಕೆ ಎರಡು ಮೂರು ಸಾಲು, ಅಷ್ಟೇ. ಆದರೆ ಆ ಸಾಲುಗಳನ್ನು ಹತ್ತಿರ ಹತ್ತಿರ ಇಟ್ಟು ಓದಿದಾಗ ಅವು ವ್ಯಾಖ್ಯಾನವಾಗಿ ಉಳಿಯಲಿಲ್ಲ, ನಾನು ಕಾಯಿಯನ್ನು ಕೇಳಬೇಕಾದ ಪ್ರಶ್ನೆಗಳಾದವು. ಈ ಕಣಜ ಗಿಡವನ್ನು ತಿನ್ನುತ್ತಿದೆಯೋ, ಇನ್ನೊಂದು ಕಣಜವನ್ನು ತಿನ್ನುತ್ತಿದೆಯೋ? ಒಳಗೆ ಹೊಕ್ಕು ಮೊಟ್ಟೆ ಇಟ್ಟಿತೋ, ಹೊರಗಿನಿಂದ ಚುಚ್ಚಿ ಇಟ್ಟಿತೋ? ಕಾಯಿ ಎಳಸಿದ್ದಾಗ ಬಂತೋ, ಬಲಿತ ಮೇಲೆ ಬಂತೋ?

ಸೂಕ್ಷ್ಮದರ್ಶಕದ ಕೆಳಗೆ ಕತ್ತರಿಸಿದ ಕಾಯಿ ಇಟ್ಟಾಗ ಈ ಪ್ರಶ್ನೆಗಳು ಕೈಯಲ್ಲಿದ್ದವು. ಕೆಲವು ಕಣಜಗಳ ಹಿಂದೆ ದೇಹಕ್ಕಿಂತ ಉದ್ದದ, ಕೂದಲಿನಂಥ, ಮೊಟ್ಟೆಯಿಡುವ ಕೊಳವೆ ಜೋತಾಡುತ್ತಿತ್ತು. ಒಳಹೋಗುವ ಕಣಜಕ್ಕೆ ಅಷ್ಟುದ್ದದ ಕೊಳವೆಯಿಂದ ಪ್ರಯೋಜನವಿಲ್ಲ. ಕಾಯಿಯ ಗೋಡೆಯನ್ನು ಹೊರಗಿನಿಂದ ಭೇದಿಸುವವಕ್ಕೆ ಮಾತ್ರ ಅದು ಬೇಕು. ಪದಗಳ ಅರ್ಥ ಮೊದಲೇ ತಿಳಿದಿದ್ದರಿಂದ ಕಣ್ಣು ಎಲ್ಲಿ ನೋಡಬೇಕೋ ಅಲ್ಲಿಗೇ ಹೋಯಿತು.

ಮೂರನೇ ಹಂತದಲ್ಲಿ ವಿಷಯದ ವಿಶ್ವಕೋಶಗಳು. ವಿನ್ಸೆಂಟ್ ರೆಶ್ ಮತ್ತು ರಿಂಗ್ ಕಾರ್ಡೆ ಸಂಪಾದಿಸಿದ ಎನ್‌ಸೈಕ್ಲೋಪೀಡಿಯಾ ಆಫ್ ಇನ್‌ಸೆಕ್ಟ್ಸ್ 2003ರದ್ದು, ಎರಡನೇ ಆವೃತ್ತಿ 2009ರದ್ದು. ಇಂಥ ಕೋಶಗಳಲ್ಲಿ ಒಂದೊಂದು ಬರಹವನ್ನೂ ಆ ವಿಷಯದಲ್ಲಿ ಕೆಲಸ ಮಾಡಿದವರೇ ಬರೆಯುತ್ತಾರೆ, ಹೆಸರು ಹಾಕುತ್ತಾರೆ, ಕೊನೆಗೆ ಮುಂದಿನ ಓದಿಗೆ ಪಟ್ಟಿ ಕೊಡುತ್ತಾರೆ. ಹೈಮೆನಾಪ್ಟೆರಾ (ಕಣಜ, ಜೇನು, ಇರುವೆಗಳ ಗಣ), ಪ್ಯಾರಾಸಿಟಾಯ್ಡ್, ಗಾಲ್, ಪರಾಗಸ್ಪರ್ಶ: ಈ ನಾಲ್ಕು ಬರಹಗಳನ್ನು ಓದಿ, ಅವುಗಳ ಕೊನೆಯ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟೆ. ಬೇರೆ ಬೇರೆ ಬರಹಗಳ ಪಟ್ಟಿಯಲ್ಲಿ ಮತ್ತೆ ಮತ್ತೆ ಬರುವ ಹೆಸರುಗಳು ಆ ವಿಷಯದ ಬುನಾದಿ ಹಾಕಿದವರವು. ಯಾವ ಸರ್ಚ್ ಇಂಜಿನ್ನೂ ಈ ಕೆಲಸವನ್ನು ಇಷ್ಟು ಚೆನ್ನಾಗಿ ಮಾಡಿಕೊಡುವುದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದು ಹೆಚ್ಚು ಉಲ್ಲೇಖವಾದದ್ದನ್ನು ಮೇಲೆ ತರುತ್ತದೆ. ಕೋಶದ ಬರಹಗಾರ ಮೊದಲು ಓದಬೇಕಾದದ್ದನ್ನು ಮೇಲೆ ಇಡುತ್ತಾನೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ನಾಲ್ಕನೇ ಹಂತ, ಹೆಸರುಗಳ ಚರಿತ್ರೆ. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಜೀವಶಾಸ್ತ್ರದ ಹಿನ್ನೆಲೆ ಹುಡುಕಾಟ ಬೇರೆ ವಿಷಯಗಳ ಹುಡುಕಾಟದಿಂದ ಬೇರೆಯಾಗುವುದು ಇಲ್ಲೇ.

ಬ್ರಿಟಿಷ್ ಸಸ್ಯಶಾಸ್ತ್ರಜ್ಞ ಹುಕರ್ ಸಂಪಾದಿಸಿದ ಸಸ್ಯಕೋಶ ಫ್ಲೋರಾ ಆಫ್ ಬ್ರಿಟಿಷ್ ಇಂಡಿಯಾ 1872ರಿಂದ 1897ರವರೆಗೆ ಏಳು ಸಂಪುಟಗಳಲ್ಲಿ ಬಂತು. ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯಲ್ಲಿ ಅದರ ಸ್ಕ್ಯಾನ್ ಪ್ರತಿ ಉಚಿತವಾಗಿ ಸಿಗುತ್ತದೆ. ಅದರ ಐದನೇ ಸಂಪುಟದಲ್ಲಿ ಜಾರ್ಜ್ ಕಿಂಗ್ ಬರೆದ ಫೈಕಸ್ ಭಾಗವಿದೆ. ಅಲ್ಲಿ ನನ್ನ ಅತ್ತಿಯ ಹೆಸರು ಫೈಕಸ್ ಗ್ಲಾಮೆರೇಟಾ, ಕುಟುಂಬ ಅರ್ಟಿಕೇಸೀ, ಅಂದರೆ ಇವತ್ತು ತುರಿಕೆಸೊಪ್ಪಿನ ಕುಟುಂಬವೆಂದು ನಾವು ಓದುವ ಕುಟುಂಬ. ಬೆಂಥಮ್ ಮತ್ತು ಹುಕರ್ ವರ್ಗೀಕರಣದಲ್ಲಿ ಆಲ, ಅರಳಿ, ಅತ್ತಿ, ಹಲಸು ಎಲ್ಲವೂ ಆ ದೊಡ್ಡ ಮನೆಯೊಳಗೇ ಇದ್ದವು. ಜಾರ್ಜ್ ವಾಟ್ ಸಂಪಾದಿಸಿದ, ಭಾರತದ ಆರ್ಥಿಕ ಉತ್ಪನ್ನಗಳ ನಿಘಂಟು ಕೂಡ ಆ ಕಾಲದ್ದೇ. ಅದರ ಫೈಕಸ್ ಇರುವ ಮೂರನೇ ಸಂಪುಟ 1890ರದ್ದು. ಅಲ್ಲೂ ಹೆಸರು ಗ್ಲಾಮೆರೇಟಾ. ಆದರೆ ಸೆಸಿಲ್ ಸಲ್ಡಾನಾ ಅವರ ಫ್ಲೋರಾ ಆಫ್ ಕರ್ನಾಟಕದ 1984ರ ಮೊದಲ ಸಂಪುಟ ತೆರೆದರೆ ಕುಟುಂಬ ಮೊರೇಸೀ, ಹೆಸರು ಫೈಕಸ್ ರೆಸಿಮೋಸಾ.

ಎರಡೂ ಒಂದೇ ಮರ. ರೆಸಿಮೋಸಾ ಎಂಬುದು ಲಿನೇಯಸ್ 1753ರಲ್ಲೇ ಸ್ಪೀಸೀಸ್ ಪ್ಲಾಂಟಾರಮ್ ಗ್ರಂಥದಲ್ಲಿ ಇಟ್ಟ ಹೆಸರು. ಆಲ, ಅರಳಿಗಳ ವೈಜ್ಞಾನಿಕ ಹೆಸರೂ ಅದೇ ಗ್ರಂಥದ್ದು. ಗ್ಲಾಮೆರೇಟಾ ಎಂಬುದು ಆಮೇಲೆ ರಾಕ್ಸ್‌ಬರ್ಗ್ ಕೊಟ್ಟದ್ದು. ಮೊದಲು ಇಟ್ಟ ಹೆಸರಿಗೇ ಮಾನ್ಯತೆ ಎಂಬ ನಿಯಮದಿಂದ ರೆಸಿಮೋಸಾ ಉಳಿಯಿತು. ಆದರೆ ನೂರು ವರ್ಷಗಳ ಭಾರತೀಯ ಸಾಹಿತ್ಯ, ಅರಣ್ಯ ಇಲಾಖೆಯ ಹಳೆಯ ವರದಿಗಳು, ಆಯುರ್ವೇದದ ದ್ರವ್ಯಗುಣದ ಪುಸ್ತಕಗಳು ಗ್ಲಾಮೆರೇಟಾ ಎಂದೇ ಬರೆದಿವೆ. ಇವತ್ತಿನ ಹೆಸರು ಮಾತ್ರ ಹಾಕಿ ಹುಡುಕುವವನಿಗೆ ಅವೆಲ್ಲ ಇಲ್ಲವೇ ಇಲ್ಲ ಎಂದಾಗುತ್ತದೆ. ಕ್ಯೂ ಸಸ್ಯೋದ್ಯಾನದ ಪ್ಲಾಂಟ್ಸ್ ಆಫ್ ದ ವರ್ಲ್ಡ್ ಆನ್‌ಲೈನ್ ತಾಣದಲ್ಲಿ ಹಳೆಯ ಪರ್ಯಾಯ ಹೆಸರುಗಳ ಪೂರ್ತಿ ಪಟ್ಟಿ ಸಿಕ್ಕಿತು. ಅದನ್ನು ಪ್ರಿಂಟ್ ತೆಗೆದು ಮೇಜಿನ ಮೇಲೆ ಅಂಟಿಸಿಕೊಂಡೆ. ಕನ್ನಡದ ಕಡೆಯಿಂದ ಈ ಪಟ್ಟಿಗೆ ಸೇತುವೆ ಕಟ್ಟಿಕೊಟ್ಟದ್ದು 1894ರ ಕಿಟೆಲ್ ನಿಘಂಟು; ಗಿಡಮರಗಳ ಹೆಸರಿಗೆ ಅವರು ಸಸ್ಯಶಾಸ್ತ್ರದ ಹೆಸರನ್ನೂ ಕೊಡುತ್ತಾ ಹೋಗಿದ್ದಾರೆ. ಅವರ ಕಾಲದ ಹೆಸರು ಇವತ್ತಿನದಾಗಿರಬೇಕೆಂದಿಲ್ಲ ಎಂಬ ಎಚ್ಚರ ಒಂದಿದ್ದರೆ ಆ ಕೋಶದಷ್ಟು ನಂಬಿಕಸ್ಥ ಜೊತೆಗಾರ ಕನ್ನಡದ ಜೀವಶಾಸ್ತ್ರ ವಿದ್ಯಾರ್ಥಿಗೆ ಇನ್ನೊಂದಿಲ್ಲ.

ಕಣಜದ ಹೆಸರಿನ ಕಥೆ ಇನ್ನೂ ಸಿಕ್ಕು. ಅತ್ತಿಗೆ ಪರಾಗ ತರುವ ಕಣಜವನ್ನು 1885ರಲ್ಲಿ ವರ್ಣಿಸಿದವರು ವಿಯೆನ್ನಾದ ಗುಸ್ತಾವ್ ಮಾಯರ್. ಅವರು ಅದನ್ನು ಇಟ್ಟದ್ದು ಬ್ಲಾಸ್ಟೊಫಾಗಾ ಕುಲದಲ್ಲಿ. ಈಗ ಅದು ಸೆರಾಟೊಸೊಲೆನ್ ಫುಸಿಸೆಪ್ಸ್. ಹೊರಗಿನಿಂದ ಚುಚ್ಚುವ ಕಣಜಗಳಲ್ಲಿ ಹಲವು ಅಪೊಕ್ರಿಪ್ಟೊಫಾಗಸ್ ಎಂಬ ಹೆಸರಿನಲ್ಲಿದ್ದವು, ಈಗ ಸೈಕೊಫಾಗಾದಲ್ಲಿ ಸೇರಿವೆ. ಇನ್ನು ಟೆರೊಮ್ಯಾಲಿಡೇ ಎಂಬ ಪುಟ್ಟ ಕಣಜಗಳ ದೊಡ್ಡ ಕುಟುಂಬವಂತೂ 2022ರಲ್ಲಿ ಒಡೆದು ಹಲವು ಕುಟುಂಬಗಳಾಯಿತು. ಅಂದರೆ 2009ರ ವಿಶ್ವಕೋಶ ಅಂದಿನ ಮಟ್ಟಿಗೆ ಸರಿಯಾಗಿ ಹೇಳಿದ ಕುಟುಂಬದ ಹೆಸರೂ ಇಂದು ಬದಲಾಗಿರಬಹುದು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿ ಬೆಳೆದ, ಇಂಥ ಪುಟ್ಟ ಕಣಜಗಳ ಹೆಸರುಗಳಿರುವ ಯೂನಿವರ್ಸಲ್ ಕ್ಯಾಲ್ಸಿಡಾಯ್ಡಿಯಾ ಡೇಟಾಬೇಸ್ ಮತ್ತು ದಕ್ಷಿಣ ಆಫ್ರಿಕಾದಿಂದ ನಡೆಯುವ, ಫೈಕಸ್ ಮರಗಳ ಹಾಗೂ ಅವುಗಳ ಕಣಜಗಳ ತಾಣ ಫಿಗ್‌ವೆಬ್ ಎರಡನ್ನೂ ಇಟ್ಟುಕೊಂಡು ಪ್ರತಿ ಹೆಸರನ್ನೂ ತಾಳೆ ನೋಡಿದೆ. ಬೇರೆ ಶಾಯಿಯಲ್ಲಿ ಬರೆದಿಟ್ಟ ವರ್ಷಗಳು ಕೆಲಸಕ್ಕೆ ಬಂದದ್ದು ಇಲ್ಲಿ. ಯಾವ ಸಾಲನ್ನು ಮತ್ತೊಮ್ಮೆ ಪರೀಕ್ಷಿಸಬೇಕು, ಯಾವುದನ್ನು ಹಾಗೆಯೇ ನಂಬಬಹುದು ಎಂಬುದನ್ನು ವರ್ಷವೇ ಹೇಳುತ್ತಿತ್ತು. ಕಾಯಿಯ ರಚನೆಯ ವಿವರ 1890ರದ್ದಾದರೂ ನಡೆಯುತ್ತದೆ. ವರ್ಗೀಕರಣ ನಡೆಯುವುದಿಲ್ಲ.

ವಿಕಿಪೀಡಿಯವನ್ನು ನಾನು ಬಳಸಲಿಲ್ಲವೆಂದಲ್ಲ. ಅಡಿಟಿಪ್ಪಣಿಗಳಿಗಾಗಿ, ಮತ್ತು ಲೇಖನದ ಇತಿಹಾಸ ಪುಟಕ್ಕಾಗಿ ಬಳಸಿದೆ. ಒಂದು ಹೆಸರು ಯಾವಾಗ ಬದಲಾಯಿತು, ಬದಲಾಯಿಸಿದವರು ಯಾವ ಆಧಾರ ಕೊಟ್ಟರು ಎಂಬುದು ಅಲ್ಲಿ ಕಾಣುತ್ತದೆ. ಪ್ರಬಂಧದಲ್ಲಿ ಉಲ್ಲೇಖಿಸಿದ್ದು ಮಾತ್ರ ಆ ಆಧಾರಗಳನ್ನೇ.

ಇಷ್ಟೆಲ್ಲ ಆದ ಮೇಲೆ, ಹಳೆಯ ಕೋಶಗಳನ್ನೂ ಹೊಸವನ್ನೂ ಒಟ್ಟಿಗೆ ಹರಡಿಕೊಂಡಾಗ ಒಂದು ಬಿರುಕು ಕಂಡಿತು. ಹಳೆಯವು ಒಂದು ಫೈಕಸ್ ಪ್ರಭೇದಕ್ಕೆ ಒಂದೇ ಪರಾಗ ಕಣಜ ಎಂದು ನಿಯಮದಂತೆ ಹೇಳುತ್ತವೆ. ಹೊಸವು ಆ ಮಾತನ್ನು ಸಡಿಲಿಸಿ ಹೇಳುತ್ತವೆ. ಕಾರಣ ಹುಡುಕಿಕೊಂಡು ಹೋದರೆ ಸಿಕ್ಕಿದ್ದು 2003ರ ಪನಾಮಾದ ಅಧ್ಯಯನ: ನೋಡಲು ಒಂದೇ ಎನಿಸುವ ಪರಾಗ ಕಣಜಗಳು ಡಿಎನ್‌ಎ ಮಟ್ಟದಲ್ಲಿ ಬೇರೆ ಬೇರೆ ಪ್ರಭೇದಗಳೆಂದು ಅದು ತೋರಿಸಿತ್ತು. ಒಂದಕ್ಕೊಂದು ಎಂಬ ಆ ಸೊಗಸಾದ ಜೋಡಿ ಅಷ್ಟು ಸರಳವಲ್ಲ. ಎರಡು ಕೋಶಗಳು ಒಂದೇ ಸಂಗತಿಯನ್ನು ಬೇರೆ ಬೇರೆ ರೀತಿ ಹೇಳಿದರೆ ನಡುವೆ ಯಾರೋ ಏನನ್ನೋ ಕಂಡುಹಿಡಿದಿದ್ದಾರೆ ಎಂದು ಅರ್ಥ. ನನ್ನ ಪ್ರಬಂಧದ ಪೀಠಿಕೆ ಬರೆದದ್ದು ಈ ಬಿರುಕಿನಿಂದಲೇ.

ಆಮೇಲೆ ಷರತ್ತು ಸಡಿಲವಾಯಿತು, ಪೇಪರುಗಳು ತೆರೆದವು. ಮೊದಲು ಓದಿದ್ದು ಗಾಲಿಲ್ ಮತ್ತು ಐಸಿಕೋವಿಚ್ 1968ರಲ್ಲಿ ಪ್ರಕಟಿಸಿದ್ದು. ನಮ್ಮ ಅತ್ತಿಯ ಹತ್ತಿರದ ಸಂಬಂಧಿಯಾದ ಸಿಕಮೋರ್ ಅಂಜೂರವನ್ನು ಪೂರ್ವ ಆಫ್ರಿಕಾದಲ್ಲಿ ಗಮನಿಸಿ, ಕಾಯಿಯ ಬೆಳವಣಿಗೆಯನ್ನು ಐದು ಹಂತಗಳಾಗಿ ವಿಂಗಡಿಸಿದವರು ಅವರು. ಇವತ್ತಿಗೂ ಅತ್ತಿಯ ಮೇಲೆ ಕೆಲಸ ಮಾಡುವವರೆಲ್ಲ ಆ ಐದು ಹಂತಗಳ ಭಾಷೆಯಲ್ಲೇ ಮಾತಾಡುತ್ತಾರೆ. ನಂತರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೀ ಬೋರ್ಜಸ್ ಅವರ ತಂಡ ನಮ್ಮದೇ ಅತ್ತಿಯ ಮೇಲೆ ಮಾಡಿದ ಕೆಲಸ. ಒಂದೇ ಮರದ ಕಾಯಿಗಳಲ್ಲಿ ಪರಾಗ ತರುವ ಒಂದು ಕಣಜ, ಜೊತೆಗೆ ಪರಾಗ ತರದ ಆರು. ಆ ಆರರಲ್ಲಿ ಗಂಟು ಮಾಡುವವೂ ಇವೆ, ಪ್ಯಾರಾಸಿಟಾಯ್ಡುಗಳೂ ಇವೆ. ಯಾವುದು ಯಾವ ಹಂತದಲ್ಲಿ ಬಂದು ಚುಚ್ಚುತ್ತದೆ ಎಂಬುದಕ್ಕೆ ತಕ್ಕಂತೆ ಮೊಟ್ಟೆಯಿಡುವ ಕೊಳವೆಯ ರಚನೆಯೇ ಬೇರೆ. ಬಲಿತು ಗಟ್ಟಿಯಾದ ಕಾಯಿಯನ್ನು ಕೊರೆಯುವ ಅಪೊಕ್ರಿಪ್ಟಾ ಕಣಜದ ಕೊಳವೆಯ ತುದಿಯಲ್ಲಿ ಹಲ್ಲುಗಳಿವೆ, ಆ ಹಲ್ಲುಗಳಲ್ಲಿ ಸತುವಿನ ಅಂಶ ಸೇರಿಕೊಂಡು ಗಡಸುತನ ಕೊಟ್ಟಿದೆ! ಕೂದಲೆಳೆಗಿಂತ ಸಣ್ಣ ಕೊರೆಯುವ ಉಪಕರಣಕ್ಕೆ ಲೋಹದ ಮೊನೆ. ಇದನ್ನು ಓದಿದ ಮೇಲೆ ಮತ್ತೆ ಸೂಕ್ಷ್ಮದರ್ಶಕಕ್ಕೆ ಹೋಗಿ ಅದೇ ಕಣಜವನ್ನು ನೋಡಿದ ಸಂತೋಷ ದೊಡ್ಡದು. ಆ ಲೇಖನಗಳ ಮೊದಲ ಪುಟದಲ್ಲೇ ಬರುವ ಹತ್ತಾರು ಪದಗಳಲ್ಲಿ ಒಂದಕ್ಕೂ ನಾನು ನಿಲ್ಲಬೇಕಾಗಲಿಲ್ಲ.

ಒಂದು ಮಾತು ಕನ್ನಡದ ಕೋಶಗಳ ಬಗ್ಗೆ. ನಮ್ಮಲ್ಲಿ ವಿಶ್ವಕೋಶ ಇದೆ, ಅದನ್ನು ಬರೆದ ವಿದ್ವಾಂಸರ ಶ್ರಮ ದೊಡ್ಡದು. ಆದರೆ ಜೀವಶಾಸ್ತ್ರದ ಭಾಗಗಳಿಗೆ ಮರುಪರಿಷ್ಕಾರ ಬೇಕು, ಬೇಗ ಬೇಕು. ಅತ್ತಿಯ ಬಗ್ಗೆ ಜಗತ್ತಿನ ಒಳ್ಳೆಯ ಸಂಶೋಧನೆಯಲ್ಲಿ ಒಂದಷ್ಟು ಬೆಂಗಳೂರಿನಲ್ಲೇ ನಡೆದಿದೆ. ಅದು ಕನ್ನಡದ ಅತ್ತಿಯ ಬರಹಕ್ಕೆ ಸೇರಬೇಡವೇ? ಹತ್ತನೇ ತರಗತಿಯ ಹುಡುಗಿಯೊಬ್ಬಳು ಮನೆಯ ಹಿತ್ತಲಿನ ಮರದ ಬಗ್ಗೆ ತನ್ನ ಭಾಷೆಯಲ್ಲಿ ಹುಡುಕಿದರೆ ಆ ಆರು ಕಣಜಗಳೂ ಅವಳಿಗೆ ಸಿಗಬೇಕು. ವಿಕಿಸೋರ್ಸಿನ ಹಳೆಯ ಪಠ್ಯ ಹಾಗೆಯೇ ಇರಲಿ, ಅದು ದಾಖಲೆ. ಅದನ್ನು ಬುನಾದಿಯಾಗಿಟ್ಟು ಕನ್ನಡ ವಿಕಿಪೀಡಿಯದಲ್ಲಿ ಹೊಸದನ್ನು ಬೆಳೆಸಬಹುದು. ನಾನು ಅತ್ತಿಯ ಪುಟದಿಂದ ಆ ಕೆಲಸ ಶುರುಮಾಡಿದ್ದೇನೆ.

ಈಗ ಕೈಗೆತ್ತಿಕೊಂಡಿರುವುದು ಗೋಣಿಮರ. ಹಳೆಯ ಪುಸ್ತಕಗಳಲ್ಲಿ ಇದು ಫೈಕಸ್ ಮೈಸೊರೆನ್ಸಿಸ್, ಈಗ ಫೈಕಸ್ ಡ್ರುಪೇಸಿಯಾ. ಅದರ ಪರಾಗ ಕಣಜ ಯುಪ್ರಿಸ್ಟಿನಾ ಬೆಲ್ಗಾಮೆನ್ಸಿಸ್, 1954ರಲ್ಲಿ ಹೆಸರಿಟ್ಟದ್ದು. ಮರಕ್ಕೆ ಮೈಸೂರಿನ ಹೆಸರು, ಕಣಜಕ್ಕೆ ಬೆಳಗಾವಿಯ ಹೆಸರು. ವಿಶ್ವಕೋಶದ ಬರಹ ಓದಿಯಾಗಿದೆ, ಪರ್ಯಾಯ ಹೆಸರುಗಳ ಪಟ್ಟಿ ಸಿದ್ಧವಾಗಿದೆ. 1954ರ ಮೂಲ ವರ್ಣನೆಯ ಪ್ರತಿಗಾಗಿ ಗ್ರಂಥಾಲಯದಲ್ಲಿ ಅರ್ಜಿ ಕೊಟ್ಟಿದ್ದೇನೆ.